24/192ಕ್ಕೆ ದುಡ್ಡು ಕೊಡುವ ಮುನ್ನ

ಚೆನ್ನೈನಲ್ಲಿ ನೆಲೆಸಿರುವ ಕನ್ನಡದ ಸಂಗೀತಪ್ರಿಯರಿಗೆ,

ರಿಚಿ ಸ್ಟ್ರೀಟಿನ ಅಂಗಡಿಗಳಲ್ಲಿ ಈಗ ಇಯರ್‌ಫೋನಿನ ಡಬ್ಬದ ಮೇಲೆ ಚಿನ್ನದ ಬಣ್ಣದ ಒಂದು ಚೌಕ ಕಾಣುತ್ತದೆ: ‘ಹೈ-ರೆಸ್ ಆಡಿಯೊ’. ಅದರ ಪಕ್ಕದಲ್ಲಿ 24 ಬಿಟ್, 96 ಕಿಲೋಹರ್ಟ್ಸ್, 192 ಕಿಲೋಹರ್ಟ್ಸ್ ಎಂಬ ಅಂಕಿಗಳು. ಹಾಡು ಕೇಳಿಸುವ ಆ್ಯಪ್‌ಗಳೂ ಇದೇ ಅಂಕಿಗಳನ್ನು ತೋರಿಸಿ ಚಂದಾ ಕೇಳುತ್ತಿವೆ. ಇಪ್ಪತ್ತೈದು, ಮೂವತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಪಿಎಂಪಿಓ ಎಂಬ ಮಾಯದ ವಾಟ್ ಇತ್ತು, ನೆನಪಿರಬಹುದು. ಮುಂಭಾಗದಲ್ಲಿ ಸಾವಿರಗಟ್ಟಲೆ ವಾಟ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಸೆಟ್ಟನ್ನು ತಿರುಗಿಸಿ ನೋಡಿದರೆ, ಗೋಡೆಯ ಪ್ಲಗ್ಗಿನಿಂದ ಅದು ಎಳೆಯುವುದು ಬರೀ 30 ವಾಟೋ 40 ವಾಟೋ ಎಂದು ಹಿಂಬದಿಯ ಚೀಟಿಯೇ ಹೇಳುತ್ತಿತ್ತು. ಎಳೆದುಕೊಂಡದ್ದರ ನೂರು ಪಟ್ಟು ವಾಪಸ್ಸು ಕೊಡುವ ಯಂತ್ರವನ್ನು ನಾವು ಸುಮ್ಮನೆ ನಂಬಿ ಮನೆಗೆ ತಂದೆವು. ಇಂದಿನ ಅಂಕಿಗಳು ಹಾಗೆ ಸುಳ್ಳಲ್ಲ. ಡಬ್ಬದ ಮೇಲೆ 192 ಎಂದಿದ್ದರೆ ಒಳಗಿನ ಚಿಪ್ಪಿಗೆ ಸಾಮಾನ್ಯವಾಗಿ ಆ ಶಕ್ತಿ ಇರುತ್ತದೆ. ಆದರೆ ಅವು ಏನನ್ನು ಅಳೆಯುತ್ತವೆ ಎಂಬುದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಈ ಪತ್ರದ ವಾದ ಇಷ್ಟೇ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕೇಳುವುದು ಎರಡು ಬಗೆಯ ಸಂಗೀತ: ಹಳೆಯ ಕನ್ನಡ ಚಿತ್ರಗೀತೆ, ಮತ್ತು ಕಛೇರಿಗಳ ಧ್ವನಿಮುದ್ರಿಕೆ. ಇವೆರಡಕ್ಕೂ ಸಿ.ಡಿ.ಯ ಮಟ್ಟ, ಅಂದರೆ 16 ಬಿಟ್ ಮತ್ತು 44.1 ಕಿಲೋಹರ್ಟ್ಸ್, ಸಾಕೋ ಸಾಕು. ಅದಕ್ಕಿಂತ ದೊಡ್ಡ ಅಂಕಿಗೆ ಕೊಡುವ ದುಡ್ಡಿನಿಂದ ಹಾಡಿಗೇನೂ ಸಿಗದು. ಹಾಡಿನ ಗುಣ ನಿಂತಿರುವುದು ಯಾವ ಪ್ರತಿಯಿಂದ ಅದನ್ನು ಇಳಿಸಿಕೊಂಡರು, ಇಳಿಸುವಾಗ ಎಷ್ಟು ಜತನ ಮಾಡಿದರು, ದಾರಿಯಲ್ಲಿ ಏನನ್ನು ಎಸೆದರು ಎಂಬುದರ ಮೇಲೆ. ಇವನ್ನು ಯಾರೂ ಡಬ್ಬದ ಮೇಲೆ ಬರೆಯುವುದಿಲ್ಲ.

ಸ್ಯಾಂಪಲ್ ರೇಟಿನಿಂದ ಆರಂಭಿಸೋಣ. ಧ್ವನಿಯ ಅಲೆಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ಸಂಖ್ಯೆಯಾಗಿ ಬರೆದುಕೊಂಡರು ಎಂಬ ಲೆಕ್ಕ ಅದು. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸೇರಿ ಮಾರುಕಟ್ಟೆಗೆ ತಂದ ಸಿ.ಡಿ.ಯಲ್ಲಿ ಅದು 44,100. ಈ ವಿಚಿತ್ರ ಸಂಖ್ಯೆಯ ತವರು ವಿಡಿಯೊ ಟೇಪು. ಅಷ್ಟೊಂದು ಡಿಜಿಟಲ್ ಮಾಹಿತಿಯನ್ನು ತುಂಬಿಡಲು ಆಗ ವಿಡಿಯೊ ಟೇಪೇ ಗತಿಯಾಗಿತ್ತು. ಅಮೆರಿಕ, ಜಪಾನಿನ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 60 ಫೀಲ್ಡು, ಫೀಲ್ಡಿಗೆ ಬಳಸಲು ಸಿಗುವ 245 ಗೆರೆ, ಗೆರೆಗೆ 3 ಸ್ಯಾಂಪಲ್, ಗುಣಿಸಿದರೆ 44,100. ಯುರೋಪಿನ ಪದ್ಧತಿಯಲ್ಲಿ 50, 294, 3. ಅಲ್ಲೂ ಅದೇ 44,100. ಹೊಂದಿಕೆಗಾಗಿ ಹುಟ್ಟಿದ ಅಂಕಿಯೇ ಆದರೂ ಕಿವಿಗೆ ಅದು ಕಡಿಮೆಯೇನಲ್ಲ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಬುನಾದಿ ಹಾಕಿ, ಕ್ಲಾಡ್ ಶಾನನ್ 1949ರಲ್ಲಿ ಸಾಧಿಸಿ ತೋರಿಸಿದ ಗಣಿತದ ಪ್ರಕಾರ, ಸ್ಯಾಂಪಲ್ ರೇಟಿನ ಅರ್ಧಕ್ಕಿಂತ ಕೆಳಗಿರುವ ಕಂಪನಗಳೆಲ್ಲ ಪೂರ್ತಿಯಾಗಿ ವಾಪಸ್ಸು ಸಿಗುತ್ತವೆ. 44,100ರ ಅರ್ಧ 22,050. ಎಳೆಯ ಕಿವಿ ಹೆಚ್ಚೆಂದರೆ 20,000ದವರೆಗೆ ಕೇಳೀತು. ಐವತ್ತು ದಾಟಿದ ನಮ್ಮಲ್ಲಿ ಬಹುಮಂದಿಗೆ 14,000ದ ಮೇಲಿನದು ಕೇಳಿಸುವುದೇ ಕಷ್ಟ. 192 ಕಿಲೋಹರ್ಟ್ಸಿನ ಫೈಲು 96,000ದವರೆಗಿನ ಕಂಪನವನ್ನು ಹಿಡಿದಿಡಬಲ್ಲದು. ಬಾವಲಿಗಳಿಗೆ ಸಂತೋಷವಾದೀತು.

ಇಲ್ಲಿ ಕರ್ನಾಟಕ ಸಂಗೀತ ಬಲ್ಲವರಿಂದ ಒಂದು ಆಕ್ಷೇಪ ಬರುತ್ತದೆ, ಅದು ಗೌರವಿಸಬೇಕಾದದ್ದೇ. ಡಿಜಿಟಲ್ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಧ್ವನಿ, ನಮ್ಮದು ಗಮಕದ ಸಂಗೀತ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗಿನ ಸೂಕ್ಷ್ಮ ಆ ಮೆಟ್ಟಿಲುಗಳ ಸಂದಿಯಲ್ಲಿ ಬಿದ್ದುಹೋಗುತ್ತದೆ ಎಂಬುದು ಆ ಆಕ್ಷೇಪ. ಜಾಹೀರಾತುಗಳಲ್ಲಿ ಬರುವ ಮೆಟ್ಟಿಲಿನ ಚಿತ್ರ ಈ ಭಯವನ್ನು ಬೆಳೆಸಿದೆ. ಆದರೆ ಆ ಚಿತ್ರ ಅರ್ಧ ದಾರಿಯದು. ಸಂಖ್ಯೆಗಳನ್ನು ಮತ್ತೆ ವಿದ್ಯುತ್ ಅಲೆಯಾಗಿಸುವ ಚಿಪ್ಪಿಗೆ ಡ್ಯಾಕ್ ಎನ್ನುತ್ತಾರೆ, ಫೋನಿನಲ್ಲಿ, ಸಿ.ಡಿ. ಪ್ಲೇಯರಿನಲ್ಲಿ, ಬ್ಲೂಟೂತ್ ಇಯರ್‌ಫೋನಿನಲ್ಲಿ ಎಲ್ಲ ಕಡೆಯೂ ಒಂದು ಡ್ಯಾಕ್ ಇದ್ದೇ ಇರುತ್ತದೆ. ಅದರ ಫಿಲ್ಟರ್ ದಾಟಿ ಹೊರಬರುವುದು ನುಣುಪಾದ ಅಲೆಯೇ, ಮೆಟ್ಟಿಲು ಅಲ್ಲಿ ಉಳಿದಿರುವುದಿಲ್ಲ. ತೋಡಿಯ ಗಾಂಧಾರ ಎಷ್ಟೇ ತೂಗಿದರೂ ಸೆಕೆಂಡಿಗೆ ಕೆಲವು ಸಲ ತೂಗೀತು; ಎರಡು ಸ್ಯಾಂಪಲ್ಲುಗಳ ನಡುವಿನ ಅವಧಿ ಸೆಕೆಂಡಿನ ನಲವತ್ತನಾಲ್ಕು ಸಾವಿರದಲ್ಲಿ ಒಂದು ಭಾಗ. ಯಾವ ವಿದ್ವಾಂಸರ ಕಂಠವೂ ಆ ಸಂದಿಯಲ್ಲಿ ಅಡಗಲಾರದು.

ಎರಡನೆಯ ಅಂಕಿ ಬಿಟ್ ಡೆಪ್ತ್. ಪ್ರತಿಯೊಂದು ಅಳತೆಯನ್ನು ಎಷ್ಟು ನಾಜೂಕಾಗಿ ಬರೆದಿಟ್ಟರು ಎಂಬುದನ್ನು ಇದು ಹೇಳುತ್ತದೆ. ಕೇಳುಗನಿಗೆ ಇದರ ಅರ್ಥ, ಅತಿ ಮೆಲುದನಿಗೂ ಅತಿ ಜೋರು ದನಿಗೂ ನಡುವೆ ಫೈಲಿನಲ್ಲಿ ಸಿಗುವ ಅಂತರ. ಬಿಟ್ಟಿಗೆ ಸುಮಾರು 6 ಡೆಸಿಬಲ್ಲಿನಂತೆ 16 ಬಿಟ್ಟಿಗೆ 96 ಡೆಸಿಬಲ್, 24 ಬಿಟ್ಟಿಗೆ 144. ಮೈಲಾಪುರದ ಒಂದು ಮನೆಯ ಹಜಾರವನ್ನು ಕಲ್ಪಿಸಿಕೊಳ್ಳಿ. ಫ್ಯಾನು ತಿರುಗುತ್ತಿದೆ, ಬೀದಿಯಲ್ಲಿ ಆಟೋ ಓಡುತ್ತಿದೆ; ಕೋಣೆಯ ಸದ್ದೇ 40 ಡೆಸಿಬಲ್ ಆಸುಪಾಸು. ಅದರ ಮೇಲೆ 96 ಡೆಸಿಬಲ್ ಪೂರ್ತಿ ಕೇಳಿಸಬೇಕೆಂದರೆ ಜೋರು ಭಾಗ 136ಕ್ಕೆ ಮುಟ್ಟಬೇಕು; ಅಲ್ಲಿ ಕಿವಿಗೆ ಸಿಗುವುದು ನೋವು. 16 ಬಿಟ್ಟನ್ನೇ ನಮ್ಮ ಕೋಣೆಗಳು ತುಂಬಿಸಲಾರವು.

ಇನ್ನು ನಾವು ಕೇಳುವ ಸರಕನ್ನು ನೋಡಿ. ಐವತ್ತು, ಅರವತ್ತರ ದಶಕಗಳ ಕನ್ನಡ ಚಿತ್ರಗೀತೆಗಳಲ್ಲಿ ಬಹುಪಾಲು ಹುಟ್ಟಿದ್ದು ಇದೇ ಊರಿನಲ್ಲಿ, ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೊಗಳಲ್ಲಿ. ರಾಜ್‌ಕುಮಾರ್ ನಾಯಕರಾಗಿ ಬಂದ 1954ರ ‘ಬೇಡರ ಕಣ್ಣಪ್ಪ’ದ ಹಿಂದೆ ಎವಿಎಂ ಸ್ಟುಡಿಯೊ ಇತ್ತು. ಗಾಯಕರಾದ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಎಲ್ಲರಿಗೂ ಮದ್ರಾಸೇ ಕಾರ್ಯಕ್ಷೇತ್ರ. ವಾದ್ಯವೃಂದವೂ ಗಾಯಕರೂ ಒಂದೇ ಹೊತ್ತಿಗೆ, ಕೆಲವೇ ಮೈಕುಗಳ ಮುಂದೆ, ಮೋನೋದಲ್ಲಿ ಹಾಡು ಮುಗಿಸುತ್ತಿದ್ದ ಕಾಲ. ಅಲ್ಲಿಂದ ಅವು ಅರಗಿನ 78 ಆರ್‌ಪಿಎಂ ತಟ್ಟೆಗೆ, ಆಮೇಲೆ ವಿನೈಲಿಗೆ, ಆಮೇಲೆ ಕ್ಯಾಸೆಟ್ಟಿಗೆ ಇಳಿದವು. 78ರ ತಟ್ಟೆಯಲ್ಲಿ 10 ಕಿಲೋಹರ್ಟ್ಸಿನ ಮೇಲೆ ಚರಚರ ಸದ್ದಿನ ಹೊರತು ಸಂಗೀತ ಸಿಗುವುದು ಅಪರೂಪ. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುವ ಕ್ಯಾಸೆಟ್ಟಿನಲ್ಲಿ, ಟೇಪಿನ ಸದ್ದು ತಗ್ಗಿಸುವ ಡಾಲ್ಬಿ ಇಲ್ಲದಿದ್ದರೆ, ಮೆಲುದನಿಗೂ ಜೋರು ದನಿಗೂ ನಡುವೆ 50ರಿಂದ 60 ಡೆಸಿಬಲ್ ಅಂತರ ಸಿಕ್ಕರೆ ಪುಣ್ಯ. ಇದನ್ನು 24/192ರಲ್ಲಿ ತುಂಬಿ ಮಾರುವುದೆಂದರೆ ನೀರು ಬೆರೆತ ಅರ್ಧ ಲೀಟರ್ ಹಾಲನ್ನು ಹಂಡೆಗೆ ಸುರಿದು ಹಂಡೆಯ ಲೆಕ್ಕದಲ್ಲಿ ದುಡ್ಡು ಕೇಳಿದ ಹಾಗೆ. ಜಾಗದ ಲೆಕ್ಕವನ್ನೂ ನೋಡಿಬಿಡಿ: ಮೂರು ನಿಮಿಷದ ಹಾಡಿಗೆ ಸಿ.ಡಿ. ಮಟ್ಟದಲ್ಲಿ ಸುಮಾರು 32 ಎಂಬಿ, 24/192ರಲ್ಲಿ ಸುಮಾರು 207.

‘ಲೆಕ್ಕ ಏನೇ ಇರಲಿ, ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ’ ಎನ್ನುವವರಿದ್ದಾರೆ. ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಬಾಸ್ಟನ್ನಿನಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಹೈ-ರೆಸ್ ಡಿಸ್ಕನ್ನು ನೇರವಾಗಿ ಒಮ್ಮೆ, ಅದನ್ನೇ 16 ಬಿಟ್, 44.1ರ ಜರಡಿ ಹಿಡಿದು ಇನ್ನೊಮ್ಮೆ ಕೇಳಿಸಿ, ಯಾವುದು ಯಾವುದೆಂದು ತಿಳಿಸದೆ ಕೇಳುಗರನ್ನು ಪ್ರಶ್ನಿಸಿದರು. 2007ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ 554 ಸರದಿಗಳಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ನ್ಯಾಯವಾಗಿ ಇನ್ನೊಂದು ಕಡೆಯದನ್ನೂ ಹೇಳಬೇಕು. 2016ರಲ್ಲಿ ಜೋಶುವಾ ರೀಸ್ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ಶೇ. 52.3 ಬಂತು, ತರಬೇತಿ ಪಡೆದವರಲ್ಲಿ ಇನ್ನಷ್ಟು ಹೆಚ್ಚು. ಅಂದರೆ ವ್ಯತ್ಯಾಸ ಸೊನ್ನೆಯೇನಲ್ಲ, ಆದರೆ ಪಳಗಿದ ಕಿವಿ, ಒಳ್ಳೆಯ ಉಪಕರಣ, ಸದ್ದಿಲ್ಲದ ಕೋಣೆ ಮೂರೂ ಕೂಡಿದಾಗ ಎಲ್ಲೋ ಒಂದಿಷ್ಟು ಸಿಗುವಂಥದ್ದು. ಬಾಸ್ಟನ್ನಿನ ಪರೀಕ್ಷೆಯನ್ನು ಟೀಕಿಸಿದವರು ಎತ್ತಿದ ಒಂದು ಮಾತು ನಮಗೆ ಇನ್ನೂ ಮುಖ್ಯ: ಅಲ್ಲಿ ಬಳಸಿದ ಹೈ-ರೆಸ್ ಡಿಸ್ಕುಗಳಲ್ಲಿ ಕೆಲವಕ್ಕೆ ಮೂಲವೇ ಹೈ-ರೆಸ್ ಆಗಿರಲಿಲ್ಲ ಎಂಬುದು. ಟೀಕೆ ಸರಿಯಾಗಿದ್ದರೆ, ಹೈ-ರೆಸ್ ಎಂದು ದುಡ್ಡು ಕೊಟ್ಟು ಕೊಂಡವರ ಮನೆಯಲ್ಲೂ ಇದ್ದದ್ದು ಅದೇ.

ಮನೆಯಲ್ಲೇ ಇದನ್ನು ಮಾಡಿ ನೋಡಬಹುದು, ಒಂದು ಷರತ್ತಿನ ಮೇಲೆ. ಎರಡೂ ಪ್ರತಿಗಳ ಜೋರು ಒಂದೇ ಸಮ ಇರಬೇಕು. ಒಂದು ಡೆಸಿಬಲ್ ಹೆಚ್ಚಿದ್ದರೂ ಕಿವಿ ಅದನ್ನು ಜೋರು ಎಂದು ಗುರುತಿಸುವುದಿಲ್ಲ, ಚೆನ್ನಾಗಿದೆ ಎಂದೇ ಗುರುತಿಸುತ್ತದೆ. ಗುಂಡಿ ಒತ್ತುವ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ವಹಿಸಿ, ಪರದೆಗೆ ಬೆನ್ನು ಹಾಕಿ ಕೂರಿ.

ಬಿಟ್‌ರೇಟ್ ಎಂಬ ಮೂರನೆಯ ಅಂಕಿಯ ವಿಷಯದಲ್ಲಿ ಮಾತ್ರ ಅಸಡ್ಡೆ ಕೂಡದು. ಇದು ಕಿವಿಗೆ ನಿಜವಾಗಿ ತಟ್ಟುವ ಅಂಕಿ. ಸಿ.ಡಿ.ಯಿಂದ ಸೆಕೆಂಡಿಗೆ ಹರಿಯುವ ಮಾಹಿತಿ 1,411 ಕಿಲೋಬಿಟ್. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಪಾಲು ದೊಡ್ಡದಾಗಿರುವ ಎಂಪಿ3 ಅದನ್ನು 128ಕ್ಕೋ 320ಕ್ಕೋ ಇಳಿಸುತ್ತದೆ. ಜೋರು ದನಿಯ ಮರೆಯಲ್ಲಿರುವ ಮೆಲುದನಿ ಕಿವಿಗೆ ಬೀಳದು ಎಂಬ ತಿಳಿವಳಿಕೆಯಿಂದ, ಮರೆಯಲ್ಲಿರುವುದನ್ನು ಎಸೆದುಬಿಡುತ್ತದೆ. 320ರಲ್ಲಿ ಈ ಕೈಚಳಕ ಎಷ್ಟು ನಾಜೂಕೆಂದರೆ ಮೂಲದಿಂದ ಬೇರ್ಪಡಿಸಿ ಹೇಳುವುದು ಪಳಗಿದವರಿಗೂ ಕಷ್ಟ. 128ರಲ್ಲಿ, ಅದರಲ್ಲೂ ತೊಂಬತ್ತರ ಕೊನೆಯ ಸಾಫ್ಟ್‌ವೇರಿನಲ್ಲಿ ಮಾಡಿದ ಫೈಲುಗಳಲ್ಲಿ, ನಮ್ಮ ಸಂಗೀತಕ್ಕೆ ಆಗುವ ಗಾಯ ಕಣ್ಣಿಗೆ ಕಟ್ಟುವಂತಿರುತ್ತದೆ. ಎಂಪಿ3 ಧ್ವನಿಯನ್ನು ಪುಟ್ಟ ತುಂಡುಗಳಾಗಿ ಕತ್ತರಿಸಿ ಕೆಲಸ ಮಾಡುವುದರಿಂದ, ತುಂಡಿನ ನಡುವೆ ಥಟ್ಟನೆ ಒಂದು ಪೆಟ್ಟು ಬಿದ್ದರೆ ಅದರ ಕೊಳೆ ಪೆಟ್ಟಿಗಿಂತ ಮುಂಚಿನ ನಿಶ್ಶಬ್ದಕ್ಕೂ ಹರಡುತ್ತದೆ. ಪಾಶ್ಚಾತ್ಯರು ಇದನ್ನು ಹಿಡಿಯಲು ಕ್ಯಾಸ್ಟನೆಟ್ ಎಂಬ ಚಿಟಿಕೆಯಂಥ ವಾದ್ಯವನ್ನು ಕೇಳಿಸುತ್ತಾರೆ. ನಮಗೆ ಮೃದಂಗದ ಚಾಪು ಇದೆ, ಘಟವಿದೆ, ಮೋರ್ಸಿಂಗ್ ಇದೆ. ಬಿಟ್‌ರೇಟ್ ಕಡಿಮೆಯಾದಷ್ಟೂ ಪೆಟ್ಟಿನ ಅಂಚು ಮೊಂಡಾಗಿ, ಅದರ ಹಿಂದೆಮುಂದೆ ಸಣ್ಣಗೆ ‘ಉಸ್’ ಎನ್ನುತ್ತದೆ. ಇದಕ್ಕಿಂತಲೂ ಸುಲಭದ ಪರೀಕ್ಷೆ ತನಿ ಆವರ್ತನ ಮುಗಿದ ಮೇಲಿನ ಚಪ್ಪಾಳೆ. ಸಾವಿರ ಅಂಗೈಗಳ ಸಾವಿರ ಬೇರೆ ಬೇರೆ ಪೆಟ್ಟನ್ನು ಕೆಲವೇ ಕಿಲೋಬಿಟ್ಟಿನಲ್ಲಿ ಬರೆಯಲು ಆಗುವುದೇ ಇಲ್ಲ. ಚಪ್ಪಾಳೆ ತಗಡಿನ ಮೇಲೆ ಮಳೆ ಸುರಿದಂತೆ, ನೀರುನೀರಾಗಿ ಕೇಳಿಸಿದರೆ ಆ ಫೈಲನ್ನು ಯಾರೋ ಎಲ್ಲೋ ಹಿಂಡಿದ್ದಾರೆ ಎಂದು ತಿಳಿಯಿರಿ, ಈಗ ಅದರ ಹೆಸರಿನ ಕೊನೆಗೆ ಏನೇ ಬರೆದಿರಲಿ.

ಏನೇ ಬರೆದಿರಲಿ ಎಂದದ್ದಕ್ಕೆ ಕಾರಣವಿದೆ. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ಪದ್ಧತಿ ಏನನ್ನೂ ಎಸೆಯದೆ ಫೈಲನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಬಿಚ್ಚಿದಾಗ ಮೂಲದ ಒಂದು ಬಿಟ್ಟೂ ಆಚೀಚೆ ಆಗಿರುವುದಿಲ್ಲ. ಇದಕ್ಕೆ ಲಾಸ್‌ಲೆಸ್ ಎನ್ನುತ್ತಾರೆ. ಆದರೆ ಎಂಪಿ3 ಫೈಲನ್ನು ಫ್ಲ್ಯಾಕ್ ಮಾಡಿದರೆ ಎಸೆದದ್ದು ತಿರುಗಿ ಬರುವುದಿಲ್ಲ, ಗಾತ್ರ ಮಾತ್ರ ಉಬ್ಬುತ್ತದೆ. ಕೈಯಿಂದ ಕೈಗೆ ಬರುವ ಎಷ್ಟೋ ‘ಲಾಸ್‌ಲೆಸ್’ ಕಛೇರಿಗಳ ಹಣೆಬರಹ ಇದು. ನಿಸ್ತಂತು ಇಯರ್‌ಫೋನಿನದೂ ಹೆಚ್ಚುಕಡಿಮೆ ಇದೇ ಕಥೆ. ಬ್ಲೂಟೂತಿನ ಸಾಮಾನ್ಯ ಎಸ್‌ಬಿಸಿ ಪದ್ಧತಿ ಸೆಕೆಂಡಿಗೆ ಸಾಗಿಸುವುದು 328 ಕಿಲೋಬಿಟ್ ಆಸುಪಾಸು. ಸೋನಿಯ ಎಲ್‌ಡಿಎಸಿ ಗರಿಷ್ಠ 990. ಸಿ.ಡಿ.ಯ 1,411ನ್ನೇ ಹಾಗೇ ಸಾಗಿಸಲಾರದ ದಾರಿಯಲ್ಲಿ 24/192ರ 9,216 ಹೇಗೆ ಹೋದೀತು? ಅದಕ್ಕಾಗಿ ಹೆಚ್ಚಿನ ಚಂದಾ ಕಟ್ಟಿ ಬ್ಲೂಟೂತಿನಲ್ಲಿ ಕೇಳುವುದು ಜುಟ್ಟಿಗೆ ಮಲ್ಲಿಗೆ ಮುಡಿಸುವ ಕೆಲಸ.

ಯಾವ ಅಂಕಿಯಲ್ಲೂ ಕಾಣದ ಇನ್ನೊಂದು ಹಾನಿಯಿದೆ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ‘ರೀಮಾಸ್ಟರ್’ ಎಂಬ ಹೆಸರಿನಲ್ಲಿ ಹಳೆಯ ಹಾಡಿನ ಮೆಲುಭಾಗಗಳನ್ನೆಲ್ಲ ಎತ್ತಿ, ಜೋರು ಭಾಗದ ಸಮಕ್ಕೆ ತಂದು ನಿಲ್ಲಿಸುವುದು. ಇದನ್ನೂ ಕಂಪ್ರೆಷನ್ ಎಂದೇ ಕರೆಯುತ್ತಾರೆ, ಫೈಲಿನ ಗಾತ್ರ ಇಳಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಛೇರಿಯ ಧ್ವನಿಮುದ್ರಿಕೆಯಲ್ಲಿ ಇದು ಆದಾಗ ಮೊದಲು ಕೆಡುವುದು ಆಲಾಪನೆ. ಗಾಯಕರು ಉಸಿರೆಳೆದುಕೊಳ್ಳುವ ಹೊತ್ತಿಗೆ ತಂಬೂರಿ ಉಬ್ಬಿ ಮುಂದೆ ಬರುತ್ತದೆ, ಅವರು ಬಾಯಿ ತೆರೆದೊಡನೆ ಹಿಂದಕ್ಕೆ ಕುಸಿಯುತ್ತದೆ. ಮಂದ್ರದಲ್ಲಿ ಮೆಲ್ಲನೆ ಇಟ್ಟ ಸ್ವರವೂ ತಾರಸ್ಥಾಯಿಯ ಷಡ್ಜವೂ ಒಂದೇ ಜೋರಿನಲ್ಲಿ ನಿಲ್ಲುತ್ತವೆ. ಮೈಕಿಲ್ಲದ ಸಭೆಯಲ್ಲಿ ಕೊನೆಯ ಸಾಲಿಗೂ ಪಿಟೀಲು ಕೇಳಿಸಲೆಂದು ಏಳು ತಂತಿಯ ಪಿಟೀಲು ಮಾಡಿಕೊಂಡ ಚೌಡಯ್ಯನವರು ಜೋರನ್ನು ಬಯಸಿದವರೇ. ಆದರೆ ಆ ಜೋರಿನ ಒಳಗೆ ಏರಿಳಿತ ಇತ್ತು. ಹೀಗೆ ಚಪ್ಪಟೆ ಮಾಡಿದ ಹಾಡನ್ನು 24 ಬಿಟ್ಟಿನಲ್ಲಿ ಕೊಟ್ಟರೆ, 144 ಡೆಸಿಬಲ್ ಹಿಡಿಸುವ ಜಾಗದಲ್ಲಿ ಹತ್ತು ಹನ್ನೆರಡು ಡೆಸಿಬಲ್ಲಿನ ಸಂಗೀತ ಕೂತಿರುತ್ತದೆ. ಎಂಬತ್ತು, ತೊಂಬತ್ತರ ದಶಕದ ಮೊದಲ ಸಿ.ಡಿ.ಗಳಲ್ಲಿ ಈ ಚಾಳಿ ಕಡಿಮೆ. ಅಂಥವು ಮನೆಯಲ್ಲಿದ್ದರೆ ಹಳೆಯ ಪೇಪರಿನವನಿಗೆ ಹಾಕಬೇಡಿ.

ಸ್ಟೀರಿಯೊ ಬಗ್ಗೆ ಹೆಚ್ಚು ಬೇಡ. ಇಳಯರಾಜ ಸಂಗೀತದ, 1978ರಲ್ಲಿ ತೆರೆಕಂಡ ‘ಪ್ರಿಯಾ’ ತಮಿಳು, ಕನ್ನಡ ಎರಡರಲ್ಲೂ ತಯಾರಾದದ್ದು. ಅದರ ಹಾಡುಗಳಲ್ಲಿದ್ದ ಸ್ಟೀರಿಯೊ ಧ್ವನಿಮುದ್ರಣ ಆಗ ಇಲ್ಲಿನ ಚಿತ್ರಸಂಗೀತಕ್ಕೆ ಹೊಸತು. ಅದಕ್ಕೂ ಹಳೆಯ ಮೋನೋ ಹಾಡು ‘8ಡಿ’ ಎಂಬ ಹೆಸರಿನಲ್ಲಿ ತಲೆಯ ಸುತ್ತ ಗಿರಗಿರನೆ ತಿರುಗುತ್ತಿದ್ದರೆ ಅದು ಈಚೆಗೆ ಯಾರೋ ಕಂಪ್ಯೂಟರಿನಲ್ಲಿ ಆಡಿದ ಆಟ. ಪಿ.ಬಿ. ಶ್ರೀನಿವಾಸ್ ಒಂದೇ ಕಡೆ ನಿಂತು ಹಾಡಿದ್ದರು.

‘ಹಾಗಾದರೆ ಸ್ಟುಡಿಯೊಗಳವರೇಕೆ 24 ಬಿಟ್ ಬಳಸುತ್ತಾರೆ?’ ಎಂಬ ಪ್ರಶ್ನೆ ಸಹಜ. ಧ್ವನಿ ಮುದ್ರಿಸುವವನಿಗೆ ಮುಂದಿನ ಕ್ಷಣ ಗಾಯಕ ಎಷ್ಟು ಜೋರು ಹಾಡುತ್ತಾನೆಂದು ಗೊತ್ತಿರುವುದಿಲ್ಲ. ಮೇಲೆ ಧಾರಾಳವಾಗಿ ಜಾಗ ಬಿಟ್ಟುಕೊಳ್ಳಬೇಕು, ಆಮೇಲೆ ತಿದ್ದಬೇಕು, ಬೆರೆಸಬೇಕು. ಅವನಿಗೆ 24 ಬಿಟ್ ಬೇಕೇ ಬೇಕು. ನೀವೂ ಒಂದು ಸಂದರ್ಭದಲ್ಲಿ ಅವನ ಸ್ಥಾನದಲ್ಲಿ ನಿಲ್ಲುತ್ತೀರಿ: ಮನೆಯ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವಾಗ. ಆಗ 24 ಬಿಟ್ಟಿನಲ್ಲೇ ಇಳಿಸಿಕೊಳ್ಳಿ, ತಿದ್ದಿ ಮುಗಿದ ಮೇಲೆ 16ಕ್ಕೆ ತನ್ನಿ. ಆದರೆ ಅದಕ್ಕೂ ಮೊದಲು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ. ಕ್ಯಾಸೆಟ್ ಡೆಕ್ಕಿನ ಹೆಡ್ ಪಕ್ಕದಲ್ಲಿ ಒಂದು ಚಿಕ್ಕ ಸ್ಕ್ರೂ ಇರುತ್ತದೆ, ಹೆಡ್ಡಿನ ಓರೆಯನ್ನು ಸರಿಪಡಿಸುವುದು ಅದು. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿದರೆ, ಕಂಬಳಿ ಹೊದ್ದಂತಿದ್ದ ದನಿ ಒಂದು ಬಿಂದುವಿನಲ್ಲಿ ಥಟ್ಟನೆ ತೆರೆದುಕೊಂಡು ತಾಳ ಹಾಕುವ ಸದ್ದೂ, ‘ಸ’ಕಾರ ‘ಶ’ಕಾರಗಳೂ ಸ್ಪಷ್ಟವಾಗುತ್ತವೆ. ಅಲ್ಲಿಗೆ ನಿಲ್ಲಿಸಬೇಕು. ಕ್ಯಾಸೆಟ್ಟಿಗೊಂದು ಓರೆ, ಆದ್ದರಿಂದ ಪ್ರತಿ ಕ್ಯಾಸೆಟ್ಟಿಗೂ ಇದನ್ನು ಮಾಡಬೇಕು. ಆಮೇಲೆ ವೇಗ. ಡೆಕ್ಕಿನ ರಬ್ಬರ್ ಬೆಲ್ಟು ಸಡಿಲವಾಗಿ ಟೇಪು ಶೇ. 6ರಷ್ಟು ನಿಧಾನವಾದರೆ ಶ್ರುತಿ ಅರ್ಧ ಕಟ್ಟೈ, ಅಂದರೆ ಒಂದು ಅರ್ಧಸ್ವರದಷ್ಟು, ಇಳಿದಿರುತ್ತದೆ. ಒಂದೂವರೆ ಕಟ್ಟೈಯಲ್ಲಿ ಹಾಡಿದವರು ಒಂದು ಕಟ್ಟೈಯಲ್ಲಿ ಹಾಡಿದಂತೆ ಕೇಳಿಸುತ್ತದೆ. ಈ ಎರಡು ತಪ್ಪುಗಳಲ್ಲಿ ಯಾವುದನ್ನೂ 192 ಕಿಲೋಹರ್ಟ್ಸ್ ಸರಿಪಡಿಸದು, ಇನ್ನಷ್ಟು ನಿಖರವಾಗಿ ಬರೆದಿಡುತ್ತದೆ ಅಷ್ಟೇ.

ಇದೆಲ್ಲ ತಂತ್ರಜ್ಞರ ಗೋಜು, ರಸಿಕನಿಗೆ ಹಾಡು ಕೇಳಿದರೆ ಸಾಲದೇ ಎಂದು ಕೊನೆಗೆ ಕೇಳುವವರಿಗೆ ಒಂದು ಉತ್ತರ. ದೊಡ್ಡವರ ಕಛೇರಿಗಳಿಗೆ ದಿಕ್ಕುದೆಸೆಯಿದೆ. ಮ್ಯೂಸಿಕ್ ಅಕಾಡೆಮಿಯಲ್ಲೇ ಹಳೆಯ ಧ್ವನಿಮುದ್ರಿಕೆಗಳನ್ನು ಕೂತು ಕೇಳುವ ಡಿಜಿಟಲ್ ಸಂಗ್ರಹವಿದೆ. ಆದರೆ ಕನ್ನಡ ಸಂಘಗಳ ರಾಜ್ಯೋತ್ಸವ, ಪುರಂದರ ದಾಸರ ಆರಾಧನೆ, ಮನೆಯಂಗಳದ ದೇವರನಾಮ, ಇವುಗಳ ಧ್ವನಿ ಇರುವುದು ಸದಸ್ಯರ ಮನೆಯ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳಲ್ಲಿ. ಸಮುದ್ರದ ಗಾಳಿಯ ತೇವಕ್ಕೆ ಟೇಪಿನ ಅಂಚಿನಲ್ಲಿ ಬೂಷ್ಟು ಹಿಡಿಯುತ್ತದೆ. 2015ರ ಡಿಸೆಂಬರಿನಂಥ ನೆರೆ ಬಂದರೆ ಅಷ್ಟೂ ಹೋಗುತ್ತದೆ. ಒಮ್ಮೆ ಇಳಿಸಿಕೊಳ್ಳುವ ಅವಕಾಶ ಮಾತ್ರ ಉಳಿದಿರುವ ಟೇಪನ್ನು ಜಾಗ ಉಳಿಸಲೆಂದು 128ರ ಎಂಪಿ3ಗೆ ಇಳಿಸಿ ಮೂಲವನ್ನು ಬಿಸಾಡಿದರೆ, ಆ ಎಸೆತ ಖಾಯಂ.

ಆದ್ದರಿಂದ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ಸದಸ್ಯರ ಕ್ಯಾಸೆಟ್ಟುಗಳನ್ನು ಇಳಿಸಲು ಒಂದು ರಿಪೇರಿಯಾದ ಡೆಕ್ಕು, ಸಾಧಾರಣ ಬೆಲೆಯ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಎರಡು ಹಾರ್ಡ್‌ಡಿಸ್ಕು ಇಟ್ಟುಕೊಳ್ಳಿ. ಮೂಲಪ್ರತಿ ಫ್ಲ್ಯಾಕ್‌ನಲ್ಲಿರಲಿ, ಹಂಚಲು ಬೇಕಾದರೆ 320ರ ಎಂಪಿ3 ಮಾಡಿ. ಫೈಲಿನ ಜೊತೆ ಒಂದು ಚೀಟಿಯಲ್ಲಿ ಹಾಡಿದವರು, ಪಕ್ಕವಾದ್ಯ, ಸ್ಥಳ, ವರ್ಷ, ಟೇಪು ಮೂಲವೋ ನಕಲೋ, ಹೆಡ್ ಸರಿಪಡಿಸಿದ್ದು ಹೌದೋ ಅಲ್ಲವೋ, ಶ್ರುತಿಯನ್ನು ಯಾರು ಪರೀಕ್ಷಿಸಿದರು, ಇಷ್ಟನ್ನು ಬರೆದಿಡಿ. ಸ್ಯಾಂಪಲ್ ರೇಟನ್ನು ಬರೆಯುವ ಅಗತ್ಯವಿಲ್ಲ. ಅದನ್ನು ಫೈಲೇ ಹೇಳುತ್ತದೆ.

ಇಂತಿ,
ಚೆನ್ನೈನ ಒಬ್ಬ ಕೇಳುಗ